ಹಳೇ ಕಾರಿನ ಪವರ್ ಸ್ಟೀರಿಂಗ್: ಇಂಜಿನ್ ಆಫ್ ಮಾಡಿದಾಗ ಆಯಿಲ್ ಯಾಕೆ ಮೇಲೇರುತ್ತದೆ?

ಮಂಡ್ಯದ ಗ್ಯಾರೇಜ್ ಒಂದರಲ್ಲಿ ಕೆಲಸ ಕಲಿಯುತ್ತಾ ಬರೆದುಕೊಂಡ ಟಿಪ್ಪಣಿ ಇದು. ಮೋಟಾರ್ ಮೆಕ್ಯಾನಿಕ್ ಟ್ರೇಡ್ ಓದುತ್ತಿರುವವರಿಗೂ, ಮನೆಯಲ್ಲಿ ಇನ್ನೂ ಆಕ್ಸೆಂಟ್, ಎಸ್ಟೀಮ್ ಥರದ ಕಾರು ಇಟ್ಟುಕೊಂಡಿರುವವರಿಗೂ ಆಗಬಹುದು. ಇಲ್ಲಿರುವುದೆಲ್ಲ ಆಯಿಲ್ ಒತ್ತಡದಿಂದ ನಡೆಯುವ ಸ್ಟೀರಿಂಗ್ ಬಗ್ಗೆ. ಬಾನೆಟ್ ಎತ್ತಿದಾಗ ಸ್ಟೀರಿಂಗ್ ಆಯಿಲ್ ಡಬ್ಬಿಯೇ ಕಾಣದಿದ್ದರೆ ನಿಮ್ಮದು ಕರೆಂಟ್ ಮೋಟಾರಿನದು, ಇಲ್ಲವೇ ಪವರ್ ಸ್ಟೀರಿಂಗೇ ಇಲ್ಲ.

ಕೆಲಸ ನಡೆಯುವ ರೀತಿ ಪುಸ್ತಕದಲ್ಲಿ ಚೆನ್ನಾಗಿಯೇ ಇದೆ, ಚುಟುಕಾಗಿ ಹೇಳುತ್ತೇನೆ. ಇಂಜಿನ್ ಬೆಲ್ಟ್ ಪಂಪನ್ನು ತಿರುಗಿಸುತ್ತದೆ. ಪಂಪ್ ಡಬ್ಬಿಯಿಂದ ಆಯಿಲ್ ಎಳೆದು ಒತ್ತಡ ಕೊಟ್ಟು ರ್ಯಾಕ್‌ಗೆ, ಅಂದರೆ ಎಡಕ್ಕೂ ಬಲಕ್ಕೂ ಸರಿದು ಮುಂದಿನ ಚಕ್ರ ತಿರುಗಿಸುವ ಹಲ್ಲಿನ ಸರಳಿಗೆ, ಕಳಿಸುತ್ತದೆ. ನಾವು ಸ್ಟೀರಿಂಗ್ ತಿರುಗಿಸಿದಾಗ ಟಾರ್ಷನ್ ಬಾರ್ ಅನ್ನುವ ಸಣ್ಣ ಕಂಬಿ ಒಂಚೂರು ತಿರುಚಿಕೊಳ್ಳುತ್ತದೆ. ಅಷ್ಟಕ್ಕೇ ವಾಲ್ವ್ ತೆರೆದು ಆಯಿಲ್ ರ್ಯಾಕ್ ಮೇಲಿನ ಪಿಸ್ಟನ್ನಿನ ಒಂದು ಬದಿಗೆ ನುಗ್ಗಿ ಅದನ್ನು ತಳ್ಳುತ್ತದೆ, ಇನ್ನೊಂದು ಬದಿಯದು ರಿಟರ್ನ್ ಹೋಸ್‌ನಲ್ಲಿ ಡಬ್ಬಿಗೆ ವಾಪಸ್. ಇಂಜಿನ್ ನಿಂತುಹೋದರೂ ಸ್ಟೀರಿಂಗಿಗೂ ಚಕ್ರಕ್ಕೂ ಸಂಪರ್ಕ ಕಡಿಯುವುದಿಲ್ಲ. ಭಾರ ಆಗುತ್ತದೆ, ಅಷ್ಟೆ.

ಇಂಜಿನ್ ಓಡುವಾಗಲೂ ಸ್ಟೀರಿಂಗ್ ಭಾರ ಇದ್ದರೆ ಮೊದಲು ಟೈರ್ ಗಾಳಿ ನೋಡಿ. ಆಮೇಲೆ ಬೆಲ್ಟ್. ಫುಲ್ ಕಟ್ ಮಾಡಿದಾಗ (ಸ್ಟೀರಿಂಗ್ ಒಂದು ಬದಿಗೆ ಕೊನೆತನಕ ತಿರುಗಿಸಿದಾಗ) ಕೀಚ್ ಅಂದರೆ ಬೆಲ್ಟ್ ಜಾರುತ್ತಿದೆ. ಗುಂಯ್ ಅನ್ನುವ ಗೊಗ್ಗರು ಸದ್ದು ಬಂದರೆ ಆಯಿಲ್ ಕಡಿಮೆ ಇರಬೇಕು, ಇಲ್ಲ ಏರ್ ಹಿಡಿದಿರಬೇಕು, ಅಂದರೆ ಆಯಿಲ್ ಒಳಗೆ ಗಾಳಿ ಸೇರಿಕೊಂಡಿರಬೇಕು.

ಈ ಏರ್ ಹಿಡಿಯುವ ವಿಷಯವೇ ನನಗೆ ತಲೆಗೆ ಹತ್ತದೆ ಬಹಳ ಸತಾಯಿಸಿದ್ದು.

ಒಂದು ಹಳೇ ಆಕ್ಸೆಂಟ್ ಬಂದಿತ್ತು. ಬೇರೆ ಕಡೆ ಪಂಪ್ ಹೋಗಿದೆ ಅಂತ ಹೇಳಿ ಕಳಿಸಿದ್ದರು. ನಮ್ಮ ಮೇಸ್ತ್ರಿ ಸ್ಪ್ಯಾನರ್ ಮುಟ್ಟಲೇ ಇಲ್ಲ. ಇಂಜಿನ್ ಓಡಿಸಿ, ಸ್ಟೀರಿಂಗ್ ನೇರ ಇಟ್ಟು, ಡಬ್ಬಿಯ ಮೇಲೆ ಆಯಿಲ್ ಎಲ್ಲಿದೆಯೋ ಅಲ್ಲಿಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆದರು. "ಈಗ ಆಫ್ ಮಾಡಿ ಡಬ್ಬಿ ನೋಡ್ಲಾ" ಅಂದರು. ಆಫ್ ಮಾಡಿದ ತಕ್ಷಣ ಆಯಿಲ್ ಗೆರೆ ದಾಟಿ ಮೇಲೆ ಬಂತು. ಮುಚ್ಚಳ ತೆಗೆದರೆ ಕೆಂಪಗಿರಬೇಕಾದ ಆಯಿಲ್ ಗುಲಾಬಿ ಬಣ್ಣಕ್ಕೆ ತಿರುಗಿ, ಮೇಲೆಲ್ಲ ಸಾಸಿವೆಯಷ್ಟು ಗುಳ್ಳೆ.

ಯಾರೂ ಆಯಿಲ್ ಹಾಕಿಲ್ಲ, ಮತ್ತೆ ಮೇಲೆ ಬಂದದ್ದು ಎಲ್ಲಿಂದ?

ಆಯಿಲ್ ಬಿಸಿಯಾಗಿ ಹಿಗ್ಗಿತು ಅನ್ನುವ ಉತ್ತರ ಸುಲಭವಾಗಿ ಬಾಯಿಗೆ ಬರುತ್ತದೆ. ಅದು ತಪ್ಪು. ಬಿಸಿಗೆ ಹಿಗ್ಗುವುದು ನಿಜ, ಆದರೆ ನಿಧಾನಕ್ಕೆ. ಇಂಥ ಆಯಿಲ್ ಒಂದು ಡಿಗ್ರಿಗೆ ಸುಮಾರು 0.07% ಹಿಗ್ಗುತ್ತದೆ. ಒಟ್ಟು ಒಂದು ಲೀಟರ್ ಇದ್ದು 50 ಡಿಗ್ರಿ ಬಿಸಿ ಏರಿದರೆ 35 ಮಿಲಿ ಜಾಸ್ತಿ. 6 ಸೆಂಟಿಮೀಟರ್ ಅಗಲದ ದುಂಡು ಡಬ್ಬಿಯಲ್ಲಿ ಅದು 12 ಮಿಲಿಮೀಟರ್ ಆಯಿತು. ಬಹಳ ಡಬ್ಬಿಗಳ ಮೇಲೆ ಹಾಟ್, ಕೋಲ್ಡ್ ಅಂತ ಎರಡು ಗುರುತು ಇರುವುದು ಇದಕ್ಕೇ. ಆದರೆ ಕೀ ತಿರುಗಿಸಿದ ಕ್ಷಣದಲ್ಲೇ ಏರುವುದಕ್ಕೆ ಬಿಸಿ ಕಾರಣ ಆಗಲ್ಲ.

ಕಾರಣ ಗಾಳಿ. ಒಂದು ಸಿರಿಂಜಿನಲ್ಲಿ ಗುಳ್ಳೆ ಇಲ್ಲದೆ ನೀರು ಎಳೆದು, ಬಾಯಿಗೆ ಹೆಬ್ಬೆರಳಿಟ್ಟು ಒತ್ತಿ ನೋಡಿ. ಕದಲುವುದಿಲ್ಲ. ಈಗ ಒಂದಿಷ್ಟು ಗಾಳಿ ಸೇರಿಸಿ ಒತ್ತಿ. ಒಳಕ್ಕೆ ಹೋಗುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ಪೈಪಿನೊಳಗೂ ಇದೇ ಕಥೆ. ಇಂಜಿನ್ ಓಡುವಾಗ ಸ್ಟೀರಿಂಗ್ ನೇರ ಇದ್ದರೂ ಪಂಪಿನಾಚೆ ಸ್ವಲ್ಪ ಒತ್ತಡ ಇದ್ದೇ ಇರುತ್ತದೆ. ಹೊರಗಿನ ಗಾಳಿಯ ನಾಲ್ಕರಷ್ಟು ಅಂತ ಇಟ್ಟುಕೊಳ್ಳಿ. ಆಗ 20 ಮಿಲಿ ಗಾಳಿ ಕುಗ್ಗಿ 5 ಮಿಲಿ ಆಗುತ್ತದೆ. ಇಂಜಿನ್ ನಿಂತಾಗ ಒತ್ತಡ ಇಳಿದು ಆ ಗಾಳಿ ಮತ್ತೆ 20 ಮಿಲಿಗೆ ಹಿಗ್ಗುತ್ತದೆ. ಹಿಗ್ಗಿದ 15 ಮಿಲಿ ಜಾಗದಲ್ಲಿದ್ದ ಆಯಿಲ್ ಎಲ್ಲಿಗೆ ಹೋಗಬೇಕು? ಡಬ್ಬಿಗೇ. ಅದೇ 6 ಸೆಂಟಿಮೀಟರ್ ಡಬ್ಬಿಯಲ್ಲಿ 5 ಮಿಲಿಮೀಟರ್ ಚಿಲ್ಲರೆ ಏರುತ್ತದೆ. ಟೊಯೋಟಾ ಮ್ಯಾನುಯಲ್‌ಗಳು ಈ ಪರೀಕ್ಷೆಗೆ ಕೊಡುವ ಮಿತಿಯೂ 5 ಮಿಲಿಮೀಟರೇ. ಲೆಕ್ಕ ಹಾಕಿ ನೋಡಿದ ಮೇಲೆ ಆ ಅಂಕಿ ಬಾಯಿಪಾಠ ಮಾಡುವ ಅಗತ್ಯವೇ ಬೀಳಲಿಲ್ಲ.

ಇಲ್ಲಿ ಇನ್ನೊಂದು ಗೊಂದಲ. ಏರ್ ಒಳಗೆ ಹೋಗುವ ಜಾಗದಲ್ಲಿ ಆಯಿಲ್ ಸೋರಲೇಬೇಕು ಅಲ್ವಾ? ಬೇಕಿಲ್ಲ. ಡಬ್ಬಿಯಿಂದ ಪಂಪಿಗೆ ಬರುವ ದಪ್ಪ ಹೋಸ್ ಎಳೆಯುವ ಬದಿ. ಪಂಪ್ ಓಡುವಾಗ ಅಲ್ಲಿ ಒತ್ತಡ ಹೊರಗಿನದಕ್ಕಿಂತ ಕಡಿಮೆ ಆಗಬಹುದು. ಕ್ಲಿಪ್ ಸಡಿಲ ಇದ್ದರೆ ಆಯಿಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ತೊಟ್ಟೂ ಕಾಣಿಸದೆ ಇರಬಹುದು. ಹಾಗಾಗಿಯೇ ಪಾಪ, ಸುಮ್ನೆ ಪಂಪಿನ ಮೇಲೆ ಅಪವಾದ ಬರುವುದು. ಇಂಜಿನ್ ಓಡುತ್ತಿರುವಾಗ ಆ ಜಾಯಿಂಟಿನ ಮೇಲೆ ಅದೇ ಆಯಿಲ್ ನಾಲ್ಕು ತೊಟ್ಟು ಬಿಡಿ. ಕೈ, ಬಟ್ಟೆ ಬೆಲ್ಟಿಗೆ ಸಿಗದಂತೆ ಜೋಪಾನ. ಸದ್ದು ಬದಲಾದರೆ ಕಳ್ಳ ಸಿಕ್ಕಿದ. ಆ ಆಕ್ಸೆಂಟಿನಲ್ಲಿ ಕ್ಲಿಪ್ ಸರಿ ಇತ್ತು, ಹೋಸಿನ ತುದಿ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಹೋಸ್ ಬದಲಿಸುವಾಗ ಆಯಿಲ್‌ಗೆ ಆಗುವಂಥದ್ದನ್ನೇ ಕೇಳಿ ತನ್ನಿ. ರೇಡಿಯೇಟರ್ ಹೋಸಿನ ತುಂಡು ಹಾಕಿದರೆ ಅದು ಆಯಿಲ್ ಕುಡಿದು ಊದಿಕೊಳ್ಳುತ್ತದೆ.

ಏರ್ ತೆಗೆಯುವುದು ಹೀಗೆ. ಮುಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಬರೀ ಜಾಕ್ ನಂಬಬೇಡಿ. ಇಂಜಿನ್ ಆಫ್ ಇರಲಿ, ಕೀ ತಿರುಗಿಸಿ ಸ್ಟೀರಿಂಗ್ ಲಾಕ್ ಮಾತ್ರ ಬಿಡಿಸಿ. ಈ ಕಡೆಯಿಂದ ಆ ಕಡೆಗೆ ನಿಧಾನಕ್ಕೆ ತಿರುಗಿಸುತ್ತಾ, ಡಬ್ಬಿಯಲ್ಲಿ ಆಯಿಲ್ ಇಳಿದಂತೆ ಸುರಿಯುತ್ತಾ ಹೋಗಿ. ಗುಳ್ಳೆ ನಿಂತ ಮೇಲಷ್ಟೇ ಇಂಜಿನ್ ಹಾಕಿ ಮತ್ತೆ ಹಾಗೇ ತಿರುಗಿಸಿ. ಮೊದಲೇ ಇಂಜಿನ್ ಹಾಕಿದರೆ ಪಂಪ್ ಗಾಳಿಯನ್ನೂ ಆಯಿಲನ್ನೂ ಕಡೆದು ನೊರೆ ಮಾಡುತ್ತದೆ. ಆ ನೊರೆ ಇಳಿಯಲು ಗಂಟೆಗಟ್ಟಲೆ ಕಾಯಬೇಕು. ಕೊನೆಗೆ ಗೆರೆ ಪರೀಕ್ಷೆ ಇನ್ನೊಮ್ಮೆ.

ಯಾವ ಆಯಿಲ್ ಅನ್ನುವುದಕ್ಕೆ ಡಬ್ಬಿ ಮುಚ್ಚಳ, ಮ್ಯಾನುಯಲ್ ಬಿಟ್ಟು ಬೇರೆ ಯಾರ ಮಾತೂ ಬೇಡ. ಕೆಲವಕ್ಕೆ ಡೆಕ್ಸ್ರಾನ್ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್), ಹೋಂಡಾಗೆ ಅದರದ್ದೇ ಬೇರೆ. ಬ್ರೇಕ್ ಆಯಿಲ್ ಮಾತ್ರ ಅಪ್ಪಿತಪ್ಪಿಯೂ ಹಾಕಬೇಡಿ, ಸೀಲುಗಳೆಲ್ಲ ಹಾಳಾಗುತ್ತವೆ.

ಆಯಿಲ್ ಕಪ್ಪಾಗಿದ್ದರೆ ಬದಲಿಸಲು ನನಗೆ ಇಷ್ಟವಾದ ದಾರಿ ಅದೇ ಸಿರಿಂಜ್. ಡಬ್ಬಿಯದಷ್ಟೇ ಎಳೆದು ತೆಗೆಯುವುದು, ಹೊಸದು ತುಂಬುವುದು, ಒಂದು ಸುತ್ತು ಓಡಿಸುವುದು, ಮತ್ತೆ ಎಳೆಯುವುದು. ಪೈಪ್ ಬಿಚ್ಚುವುದಿಲ್ಲ, ಏರ್ ಹಿಡಿಯುವ ತಾಪತ್ರಯ ಕಡಿಮೆ. ಒಟ್ಟು ಆಯಿಲ್‌ನಲ್ಲಿ ಮೂರನೇ ಒಂದು ಭಾಗ ಡಬ್ಬಿಯಲ್ಲಿದ್ದರೆ ಮೊದಲ ಸಲಕ್ಕೆ ಹಳೆಯದು 67% ಉಳಿಯುತ್ತದೆ, ಎರಡನೆಯದಕ್ಕೆ 44%, ಮೂರಕ್ಕೆ 30%, ನಾಲ್ಕಕ್ಕೆ 20%. ಐದನೆಯದಕ್ಕೆ 13% ಉಳಿದರೂ, ಒಟ್ಟು ಒಂದು ಲೀಟರ್ ಲೆಕ್ಕದಲ್ಲಿ ಅಷ್ಟರಲ್ಲಿ ಸುಮಾರು 1.7 ಲೀಟರ್ ಹೊಸ ಆಯಿಲ್ ಖರ್ಚಾಗಿರುತ್ತದೆ. ನಾಲ್ಕಕ್ಕೆ ನಿಲ್ಲಿಸುವುದು ಲೇಸು. ರಿಟರ್ನ್ ಹೋಸ್ ಬಿಚ್ಚಿ ಬಾಟಲಿಗೆ ಬಿಡುವ ವಿಧಾನದಲ್ಲಿ ಹೊಸ ಆಯಿಲ್ ಕಡಿಮೆ ಖರ್ಚಾಗುತ್ತದೆ, ಆದರೆ ಇಬ್ಬರು ಬೇಕು. ಯಾವುದೇ ಮಾಡಿ, ಡಬ್ಬಿಯ ತಳದಲ್ಲಿ ಜಾಲರಿ ಇದ್ದರೆ ನೋಡಿ. ಅದು ಕಟ್ಟಿಕೊಂಡರೂ ಪಂಪ್ ಅದೇ ಗುಂಯ್ ಸದ್ದು ಮಾಡುತ್ತದೆ.

ಫುಲ್ ಕಟ್‌ನಲ್ಲಿ ಸ್ಟೀರಿಂಗ್ ಹಿಡಿದುಕೊಂಡೇ ಇರುವುದು ನಮ್ಮ ಕಡೆ ಸಾಮಾನ್ಯ. ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರ ಕಾರು ನಿಲ್ಲಿಸಲು ಹೋದರೆ ಬೇರೆ ದಾರಿಯೂ ಇರಲ್ಲ. ಆಗ ಒತ್ತಡ ತುದಿ ಮುಟ್ಟಿ, ಅದು ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವ್ ತೆರೆದುಕೊಳ್ಳುತ್ತದೆ, ಆಯಿಲ್ ಪಂಪಿನೊಳಗೇ ಸುತ್ತಿ ಬೇಗ ಕಾಯುತ್ತದೆ. 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಒಂಚೂರು ವಾಪಸ್ ಬಿಟ್ಟರೆ ಸಾಕು.

ಹಳ್ಳಿ ಕಡೆ ಓಡುವ ಕಾರಾದರೆ ರ್ಯಾಕ್‌ನ ಎರಡೂ ತುದಿಯ ರಬ್ಬರ್ ಬೂಟ್ (ಮಡಿಕೆ ಮಡಿಕೆಯ ರಬ್ಬರ್ ಕವಚ) ಹಿಚುಕಿ ನೋಡಿ. ಕಬ್ಬಿನ ಗದ್ದೆ ದಾರಿಯ ಮಣ್ಣು ಹರಿದ ಬೂಟಿನಿಂದ ಒಳಗೆ ಸೇರಿ ಸೀಲ್ ತಿನ್ನುತ್ತದೆ. ಬೂಟ್ ಒಳಗೆ ಆಯಿಲ್ ತುಂಬಿಕೊಂಡು ಮೆತ್ತಗೆ ಸಿಕ್ಕರೆ ರ್ಯಾಕ್ ಸೀಲ್ ಆಗಲೇ ಹೋಗಿದೆ. ಅಲ್ಲಿಗೆ ಸಿರಿಂಜಿನ ಕೆಲಸ ಮುಗಿಯಿತು, ರ್ಯಾಕ್ ಇಳಿಸಲೇಬೇಕು.