ಓದುಗರ ಪ್ರಶ್ನೆ: ಕ್ಯಾಪ್ಟನ್ ಜೇನ್‌ವೇ ಬೆಳೆದಳೋ, ಸುಮ್ನೆ ಬದಲಾದಳೋ?

ಪ್ರಶ್ನೆ: ಬಾಹ್ಯಾಕಾಶ ನೌಕೆಯ ಕಥೆ ಹೇಳುವ ಟಿವಿ ಸರಣಿ ‘ಸ್ಟಾರ್ ಟ್ರೆಕ್: ವಾಯೇಜರ್’ ನೋಡಿದವರು ಎರಡು ಗುಂಪಾಗಿಬಿಡುತ್ತಾರೆ. ಕ್ಯಾಪ್ಟನ್ ಜೇನ್‌ವೇ ಅಂದರೆ ಅಪ್ಪಟ ನಾಯಕಿ ಅಂತ ಕೆಲವರು. ಒಂದು ವಾರ ನಿಯಮ ನಿಯಮ ಅನ್ನುತ್ತಾಳೆ, ಮುಂದಿನ ವಾರ ತಾನೇ ಅದನ್ನು ಗಾಳಿಗೆ ತೂರುತ್ತಾಳೆ ಅಂತ ಇನ್ನು ಕೆಲವರು. ಏಳು ಸೀಸನ್‌ಗಳಲ್ಲಿ ಆ ಪಾತ್ರ ನಿಜವಾಗಿ ಬೆಳೆಯಿತಾ, ಇಲ್ಲ ಬರೆಯುವವರ ಮರ್ಜಿಗೆ ತಕ್ಕಂತೆ ಬದಲಾಯಿತಾ?

ಬೆಳೆಯಿತು. ಆದರೆ ಆ ಬೆಳವಣಿಗೆ ಕಣ್ಣಿಗೆ ಬೀಳದ ಹಾಗೆ ಸರಣಿಯೇ ಮಾಡಿಬಿಟ್ಟಿತು. ಅದಕ್ಕೇ ಈ ಜಗಳ ಇಷ್ಟು ವರ್ಷವಾದರೂ ಮುಗಿದಿಲ್ಲ. ಉತ್ತರ ಹೇಳಬೇಕಾದರೆ ಕಥೆಯ ಕೊನೆಯನ್ನೂ ಹೇಳಲೇಬೇಕು. ಇನ್ನೂ ನೋಡದವರು ನೋಡಿಕೊಂಡು ಬಂದು ಓದಿ.

ಸರಣಿ 1995ರ ಜನವರಿಯಲ್ಲಿ ಶುರುವಾಯಿತು, 2001ರ ಮೇ ತಿಂಗಳಲ್ಲಿ ಮುಗಿಯಿತು. ಮೊದಲ ಎಪಿಸೋಡ್‌ನಲ್ಲೇ ವಾಯೇಜರ್ ನೌಕೆ ಮನೆಯಿಂದ 70,000 ಜ್ಯೋತಿರ್ವರ್ಷ ದೂರ ಎಸೆಯಲ್ಪಡುತ್ತದೆ. ಪೂರ್ತಿ ವೇಗದಲ್ಲಿ ಹೋದರೂ ವಾಪಸ್ ಬರಲು 75 ವರ್ಷ ಬೇಕು. ವಾಪಸ್ ಕಳಿಸಬಲ್ಲ ಯಂತ್ರವೊಂದು ಎದುರಿಗೇ ಇದೆ. ಆದರೆ ಅದು ದಾಳಿಕೋರ ಕಝಾನ್‌ಗಳ ಕೈಗೆ ಸಿಕ್ಕರೆ ಒಕಾಂಪಾ ಅನ್ನುವ ಬಡಪಾಯಿ ಜನರ ಗತಿ ಮುಗಿಯಿತು. ಜೇನ್‌ವೇ ಆ ಯಂತ್ರವನ್ನು ಒಡೆದುಹಾಕಲು ಆಜ್ಞೆ ಕೊಡುತ್ತಾಳೆ.

ಆ ಹೊತ್ತಿನಲ್ಲಿ ಬೆಲಾನಾ ಟೊರೆಸ್ ಸಿಡಿದೇಳುತ್ತಾಳೆ. ನಮ್ಮೆಲ್ಲರ ಪರವಾಗಿ ತೀರ್ಮಾನ ಮಾಡೋಕೆ ಈಕೆ ಯಾರು ಅಂತ ಕೇಳುತ್ತಾಳೆ. ಅವಳು ಮಾಕಿ ಬಂಡುಕೋರರ ಗುಂಪಿನವಳು, ಅವಳ ನಾಯಕ ಚಕೋಟೆ, ಮುಂದೆ ಜೇನ್‌ವೇಯ ಕೈಕೆಳಗೆ ನೌಕೆಯ ಎರಡನೇ ಅಧಿಕಾರಿಯಾಗುವವನು. ಅವನು ಕೊಡುವ ಉತ್ತರ ಒಂದೇ: ಆಕೆ ಕ್ಯಾಪ್ಟನ್. ಇಡೀ ಸರಣಿಯ ಬೀಜ ಇಲ್ಲಿದೆ. ಬೇರೆಯವರನ್ನು ಉಳಿಸಲು ಒಬ್ಬಳೇ ತೀರ್ಮಾನಿಸಿದಳು, ಅದರ ಬೆಲೆ ತೆತ್ತವರು ನೌಕೆಯಲ್ಲಿದ್ದ ಎಲ್ಲರೂ. ಟೊರೆಸ್‌ಳ ಪ್ರಶ್ನೆಗೆ ಪದವಿಯ ಹೆಸರು ಹೇಳಿ ಬಾಯಿ ಮುಚ್ಚಿಸಿದ್ದಾಯಿತೇ ಹೊರತು ಉತ್ತರ ಸಿಗಲಿಲ್ಲ, ಅಲ್ವಾ?

ಇದೇ ಪ್ರಶ್ನೆ ಇನ್ನೂ ಎರಡು ಸಲ ಬರುತ್ತದೆ. ಬಹಳ ಜನ ಇದನ್ನು ಗಮನಿಸುವುದಿಲ್ಲ, ಯಾಕೆಂದರೆ ಮಧ್ಯೆ ವರ್ಷಗಳೇ ಕಳೆದಿರುತ್ತವೆ.

ಎರಡನೆಯದು 1998ರಲ್ಲಿ, ಐದನೇ ಸೀಸನ್ನಿನ ಮೊದಲ ಎಪಿಸೋಡ್ ‘ನೈಟ್’. ಒಂದು ನಕ್ಷತ್ರವೂ ಕಾಣದ ಕತ್ತಲೆಯಲ್ಲಿ ನೌಕೆ ಸಾಗುತ್ತಿದೆ. ಜೇನ್‌ವೇ ಕೋಣೆಯ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದಾಳೆ. ಇವರೆಲ್ಲ ಇಲ್ಲಿ ಸಿಕ್ಕಿಬಿದ್ದದ್ದು ನನ್ನಿಂದ ಅನ್ನುವ ಕೊರಗು ಆಕೆಯನ್ನು ತಿನ್ನುತ್ತಿದೆ. ಆಗ ಮತ್ತೆ ಅದೇ ಇಕ್ಕಟ್ಟು: ಹೊರಗೆ ಹೋಗಲು ಒಂದು ಸುಳಿದಾರಿ ಇದೆ, ಅದೇ ದಾರಿಯಿಂದ ಬಂದು ಮಲಾನ್ ವ್ಯಾಪಾರಿಯೊಬ್ಬ ವಿಷದ ಕಸ ಸುರಿಯುತ್ತಿದ್ದಾನೆ, ಕತ್ತಲೆಯಲ್ಲಿ ಬದುಕುವ ಜೀವಿಗಳು ಸಾಯುತ್ತಿವೆ. ದಾರಿಯನ್ನು ಮುಚ್ಚಬೇಕು. ಈ ಸಲ ಆಕೆ ಹೇಳುವುದೇನು? ನೀವೆಲ್ಲ ದಾಟಿ ಹೋಗಿ, ನಾನೊಬ್ಬಳೇ ಚಿಕ್ಕ ನೌಕೆಯಲ್ಲಿ ಹಿಂದೆ ಉಳಿದು ಅದನ್ನು ಮುಚ್ಚುತ್ತೇನೆ. ಅಧಿಕಾರಿಗಳು ಒಬ್ಬರ ಹಿಂದೆ ಒಬ್ಬರು ಆ ಆಜ್ಞೆಯನ್ನು ನಿರಾಕರಿಸುತ್ತಾರೆ. ಕೊನೆಗೆ ಎಲ್ಲರೂ ಸೇರಿ ಬೇರೆ ಉಪಾಯ ಹುಡುಕುತ್ತಾರೆ.

ನನಗೆ ಇದು ಇಡೀ ಸರಣಿಯ ಅತಿ ಪ್ರಾಮಾಣಿಕ ದೃಶ್ಯಗಳಲ್ಲಿ ಒಂದು. ಮೊದಲ ಸಲ ಎಲ್ಲರಿಂದಲೂ ಬೆಲೆ ತೆರಿಸಿದವಳು ಈಗ ತಾನೊಬ್ಬಳೇ ತೆರಲು ಹೊರಟಿದ್ದಾಳೆ. ಅದೂ ತಪ್ಪೇ, ಅದರಲ್ಲೂ ಒಂಟಿ ತೀರ್ಮಾನವೇ ಇದೆ. ಆದರೆ ಜೊತೆಗಿರುವವರು ಈಗ ಆಕೆಯನ್ನು ತಡೆಯುವಷ್ಟು ಹತ್ತಿರ ಬಂದಿದ್ದಾರೆ.

ಹಾಗಾದರೆ ಆಕೆ ನಿಲುವಿಲ್ಲದವಳು ಅಂತ ಜನರಿಗೆ ಯಾಕೆ ಅನಿಸುತ್ತದೆ? ಅದಕ್ಕೆ ‘ಟುವಿಕ್ಸ್’ ಬಗ್ಗೆ ಮಾತಾಡಬೇಕು. ಅಭಿಮಾನಿಗಳು ಅತಿ ಜಾಸ್ತಿ ಕಿತ್ತಾಡಿರುವ ಎಪಿಸೋಡ್‌ಗಳಲ್ಲಿ ಅದೊಂದು.

1996ರ ಮೇ ತಿಂಗಳಲ್ಲಿ ಪ್ರಸಾರವಾಯಿತು. ಸಸ್ಯದ ಮಾದರಿ ತರಲು ಹೋದ ಭದ್ರತಾ ಅಧಿಕಾರಿ ಟುವಾಕ್ ಮತ್ತು ನೌಕೆಯ ಅಡುಗೆಯವ ನೀಲಿಕ್ಸ್, ಜನರನ್ನು ಕ್ಷಣದಲ್ಲಿ ಬೇರೆ ಜಾಗಕ್ಕೆ ಕಳಿಸುವ ಟ್ರಾನ್ಸ್‌ಪೋರ್ಟರ್ ಅವಘಡದಲ್ಲಿ ಬೆರೆತು ಒಬ್ಬನೇ ವ್ಯಕ್ತಿಯಾಗುತ್ತಾರೆ. ಅವನೇ ಟುವಿಕ್ಸ್. ಅವನಿಗೆ ಇಬ್ಬರ ನೆನಪೂ ಇದೆ, ಅದರ ಮೇಲೆ ತನ್ನದೇ ಒಂದು ಮನಸ್ಸೂ ಇದೆ. ಕೆಲಸ ಮಾಡುತ್ತಾನೆ, ಅಡುಗೆ ಮಾಡುತ್ತಾನೆ, ಎಲ್ಲರಿಗೂ ಬೇಕಾದವನಾಗುತ್ತಾನೆ. ಕೆಲವು ವಾರಗಳ ನಂತರ ಬೇರ್ಪಡಿಸುವ ದಾರಿ ಸಿಗುತ್ತದೆ. ಅವನು ನನಗೆ ಬದುಕಬೇಕು ಅನ್ನುತ್ತಾನೆ. ಟುವಾಕ್ ಮತ್ತು ನೀಲಿಕ್ಸ್ ಪರವಾಗಿ ಮಾತಾಡಲು ಬೇರೆ ಯಾರೂ ಇಲ್ಲ, ಆದ್ದರಿಂದ ನಾನು ಮಾತಾಡಬೇಕು ಅನ್ನುವುದು ಜೇನ್‌ವೇಯ ನಿಲುವು.

ನೌಕೆಯ ಬ್ರಿಡ್ಜ್ ಮೇಲೆ ಟುವಿಕ್ಸ್ ಒಬ್ಬೊಬ್ಬರ ಮುಖ ನೋಡಿ ಬೇಡಿಕೊಳ್ಳುತ್ತಾನೆ. ಯಾರೂ ಬಾಯಿ ಬಿಡುವುದಿಲ್ಲ. ಕೊನೆಗೆ ಅವರನ್ನೆಲ್ಲ ಕ್ಷಮಿಸಿದ್ದೇನೆ ಅಂತ ಅವನೇ ಹೇಳಿ ನಡೆಯುತ್ತಾನೆ. ಒಪ್ಪಿಗೆ ಇಲ್ಲದವನ ಜೀವ ತೆಗೆಯಲಾರೆ ಅಂತ ಡಾಕ್ಟರ್ ಹಿಂದೆ ಸರಿಯುತ್ತಾನೆ. ಜೇನ್‌ವೇ ತಾನೇ ಯಂತ್ರದ ಮುಂದೆ ನಿಂತು ಆ ಕೆಲಸ ಮುಗಿಸುತ್ತಾಳೆ. ಮರಳಿ ಬಂದ ಇಬ್ಬರನ್ನು ಸ್ವಾಗತಿಸುತ್ತಾಳೆ. ಆಮೇಲೆ ಹೊರಗೆ ಬಂದಾಗ ಆಕೆಯ ಮುಖ ಕಲ್ಲಾಗಿರುತ್ತದೆ. ಕೇಟ್ ಮಲ್‌ಗ್ರೂ ಆ ಕ್ಷಣದಲ್ಲಿ ಒಂದು ಮಾತೂ ಆಡದೆ ಮಾಡಿರುವ ನಟನೆ ಅದ್ಭುತ.

ಇಲ್ಲಿ ಆಕೆ ಸರಿಯೋ ತಪ್ಪೋ ಅನ್ನುವುದು ಒಂದು ಜಗಳ. ನನ್ನ ತಕರಾರು ಬೇರೆ. ಮುಂದಿನ ವಾರದ ಎಪಿಸೋಡ್‌ನಲ್ಲಿ ಜೇನ್‌ವೇ ಮತ್ತು ಚಕೋಟೆ ಕಾಯಿಲೆ ಬಿದ್ದು ಒಂದು ಗ್ರಹದಲ್ಲಿ ಉಳಿಯುತ್ತಾರೆ, ನೌಕೆ ನಡೆಸುವವನು ಟುವಾಕ್. ಹೌದು, ಅದೇ ಟುವಾಕ್. ಒಬ್ಬನ ಜೀವ ತೆಗೆದು ಇವನನ್ನು ಮರಳಿ ತಂದಿದ್ದಾರೆ, ಈಗ ಅವನೇ ಕ್ಯಾಪ್ಟನ್ ಜಾಗದಲ್ಲಿದ್ದಾನೆ, ಆಕೆಯನ್ನು ಬಿಟ್ಟುಹೋಗಬೇಕಾ ಬೇಡವಾ ಅಂತ ಅವನೇ ತೀರ್ಮಾನಿಸಬೇಕು. ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿತ್ತಾ? ಟುವಿಕ್ಸ್ ಬಗ್ಗೆ ಒಂದೇ ಒಂದು ಮಾತಿಲ್ಲ. ಆಮೇಲೂ ಯಾರೂ ಆ ವಿಷಯ ಎತ್ತಿ ಆಕೆಯನ್ನು ಕೇಳುವುದಿಲ್ಲ.

1999ರ ‘ಎಕ್ವಿನಾಕ್ಸ್’ ಕಥೆಯೂ ಹೀಗೇ. ಆ ಹೆಸರಿನ ಇನ್ನೊಂದು ನೌಕೆಯೂ ಮನೆಯಿಂದ ದೂರ ಸಿಕ್ಕಿಬಿದ್ದಿದೆ; ಅದರ ಕ್ಯಾಪ್ಟನ್ ರ‍್ಯಾನ್ಸಮ್ ಮನೆ ಬೇಗ ಸೇರಲು ಜೀವಿಗಳನ್ನು ಕೊಂದು ಇಂಧನ ಮಾಡಿಕೊಂಡಿದ್ದಾನೆ. ಅವನ ಬೆನ್ನುಹತ್ತಿದ ಜೇನ್‌ವೇ ಸಿಟ್ಟಿನಲ್ಲಿ ಹದ ತಪ್ಪುತ್ತಾಳೆ. ಸೆರೆಸಿಕ್ಕ ಅವನ ಸಿಬ್ಬಂದಿ ಲೆಸಿಂಗ್‌ನ ಬಾಯಿ ಬಿಡಿಸಲು ಅವನನ್ನು ಸಾವಿನ ಬಾಯಿಗೆ ಒಡ್ಡುತ್ತಾಳೆ. ತಡೆದ ಚಕೋಟೆಯನ್ನೇ ಕೆಲಸದಿಂದ ಇಳಿಸುತ್ತಾಳೆ. ಕೊನೆಯಲ್ಲಿ ಇಬ್ಬರ ನಡುವೆ ಒಂದು ಸಣ್ಣ ರಾಜಿ ಮಾತು. ಎಕ್ವಿನಾಕ್ಸ್‌ನಿಂದ ಬದುಕುಳಿದ ಐದು ಜನ ವಾಯೇಜರ್ ಸಿಬ್ಬಂದಿಗೆ ಸೇರುತ್ತಾರೆ. ಆಮೇಲೆ ಅವರು ಮತ್ತೆಂದೂ ಕಾಣಿಸಿಕೊಳ್ಳುವುದಿಲ್ಲ! ಕ್ಯಾಪ್ಟನ್ ತನ್ನನ್ನು ಕೊಲ್ಲಲು ಹೊರಟಿದ್ದಳು ಅಂತ ಗೊತ್ತಿರುವ ಮನುಷ್ಯ ಅದೇ ನೌಕೆಯಲ್ಲಿ ಊಟ ಮಾಡಿ ಮಲಗುತ್ತಿದ್ದಾನೆ. ಅವನ ಕಥೆ ಹೇಳಬೇಕು ಅಂತ ಸರಣಿಗೆ ಅನಿಸಲಿಲ್ಲ.

ಅಭಿಮಾನಿಗಳು ಇದಕ್ಕೆ ‘ರೀಸೆಟ್ ಬಟನ್’ ಅನ್ನುತ್ತಾರೆ. ಯಾವ ಎಪಿಸೋಡ್ ಯಾವಾಗ ನೋಡಿದರೂ ಅರ್ಥವಾಗಬೇಕು ಅನ್ನುವುದು ಆ ಕಾಲದ ಟಿವಿಯ ಪದ್ಧತಿ. ಹಾಗಾಗಿ ನೌಕೆ ಎಷ್ಟು ನುಜ್ಜುಗುಜ್ಜಾದರೂ ಮುಂದಿನ ವಾರ ಹೊಸದು. ಮನಸ್ಸುಗಳೂ ಹಾಗೇ.

ನಾಯಕನನ್ನು ಅಳೆಯಲು ಅವನ ಮುಖ ನೋಡಿದರೆ ಸಾಲದು. ಅವನ ತೀರ್ಮಾನ ಜೊತೆಯವರಲ್ಲಿ ಏನು ಉಳಿಸಿತು ಅನ್ನುವುದನ್ನು ನೋಡಬೇಕು. ಜೊತೆಯವರು ಮರೆಯುತ್ತಿದ್ದರೆ ನಾಯಕಿ ಪ್ರತಿ ವಾರ ಹೊಸಬಳ ಹಾಗೆ ಕಾಣುತ್ತಾಳೆ. ಹೋಲಿಕೆಗೆ ಇನ್ನೊಂದು ಸ್ಟಾರ್ ಟ್ರೆಕ್ ಸರಣಿ ‘ಡೀಪ್ ಸ್ಪೇಸ್ ನೈನ್’ನ ಕ್ಯಾಪ್ಟನ್ ಸಿಸ್ಕೋನನ್ನು ತೆಗೆದುಕೊಳ್ಳಿ. 1998ರ ಒಂದು ಎಪಿಸೋಡ್‌ನಲ್ಲಿ ಯುದ್ಧದಿಂದ ದೂರ ಉಳಿದಿದ್ದ ರಾಮ್ಯುಲನ್ನರು ಅನ್ನುವ ಜನಾಂಗವನ್ನು ಅದಕ್ಕೆ ಎಳೆಯಲು ಅವನು ಸುಳ್ಳು ಸಾಕ್ಷಿ ಹುಟ್ಟಿಸುತ್ತಾನೆ, ಅದು ಕೊಲೆಯವರೆಗೂ ಹೋಗುತ್ತದೆ. ಅಭಿಮಾನಿಗಳು ಅದನ್ನು ತಲೆಮೇಲೆ ಹೊತ್ತು ಮೆರೆಸುತ್ತಾರೆ. ಕಾರಣ, ಅಲ್ಲಿ ಮಾಡಿದ್ದು ಉಳಿಯುತ್ತದೆ: ರಾಮ್ಯುಲನ್ನರು ಯುದ್ಧಕ್ಕೆ ಇಳಿದೇ ಇಳಿಯುತ್ತಾರೆ, ಮುಂದಿನ ಕಥೆಯೇ ಬದಲಾಗುತ್ತದೆ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಸ್ಟಾರ್ ಟ್ರೆಕ್ ಸರಣಿಯೊಂದನ್ನು ಮುನ್ನಡೆಸಿದ ಮೊದಲ ಮಹಿಳಾ ಕ್ಯಾಪ್ಟನ್ ಜೇನ್‌ವೇ. ಸಿಸ್ಕೋ ಮಾಡಿದರೆ ‘ಆಳವಾದ ಪಾತ್ರ’, ಜೇನ್‌ವೇ ಮಾಡಿದರೆ ‘ತಲೆಕೆಟ್ಟವಳು’ ಅನ್ನುವ ಮಾತು ಇವತ್ತಿಗೂ ಕೇಳಿಬರುತ್ತದೆ. ಅದು ಅನ್ಯಾಯ. ಅವನ ಹಿಂದೆ ಒಂದು ದೊಡ್ಡ ಸೈನ್ಯವೇ ಇತ್ತು. ಈಕೆಗೆ ಬಹುಕಾಲ ಸಲಹೆ ಕೇಳಲು ಮೇಲಧಿಕಾರಿಯೂ ಇರಲಿಲ್ಲ.

ವಾಯೇಜರ್ ನೌಕೆಯ ಕಿರಿಯ ಅಧಿಕಾರಿ ಹ್ಯಾರಿ ಕಿಮ್ ವಿಷಯಕ್ಕೆ ಬರೋಣ. ಅವನು ಎನ್‌ಸೈನ್ (ಅಧಿಕಾರಿಗಳಲ್ಲಿ ಅತಿ ಕೆಳಗಿನ ದರ್ಜೆ) ಆಗಿ ನೌಕೆ ಹತ್ತಿದ, ಏಳು ವರ್ಷವಾದ ಮೇಲೂ ಎನ್‌ಸೈನ್ ಆಗಿಯೇ ಉಳಿದ. ಟುವಾಕ್‌ಗೆ ಬಡ್ತಿ ಸಿಕ್ಕಿತು. ನೌಕೆಯ ಚಾಲಕ ಟಾಮ್ ಪ್ಯಾರಿಸ್‌ಗೆ ಹಿಂಬಡ್ತಿಯಾಗಿ ಮತ್ತೆ ಹಳೆಯ ಪದವಿಯೂ ಸಿಕ್ಕಿತು. ಕಿಮ್ ಮಾತ್ರ ಅಲ್ಲೇ. ಡೀಪ್ ಸ್ಪೇಸ್ ನೈನ್‌ನಲ್ಲಿ ಅದೇ ವರ್ಷಗಳಲ್ಲಿ ನೋಗ್ ಅನ್ನುವ ತುಂಟ ಹುಡುಗ ಇವರೆಲ್ಲರ ಬಾಹ್ಯಾಕಾಶ ಪಡೆಯಾದ ಸ್ಟಾರ್‌ಫ್ಲೀಟ್ ಸೇರಿದ, ಯುದ್ಧದಲ್ಲಿ ಕಾಲು ಕಳೆದುಕೊಂಡ, ಕುಸಿದ, ಎದ್ದ, 1999ರಲ್ಲಿ ಸರಣಿ ಮುಗಿಯುವಾಗ ಲೆಫ್ಟಿನೆಂಟ್ ದರ್ಜೆಗೆ ಏರಿದ. ಜೊತೆಯವರನ್ನು ಬೆಳೆಸದ ಕ್ಯಾಪ್ಟನ್ ಎಂಥ ಕ್ಯಾಪ್ಟನ್ ಅಂತ ಕೇಳುವವರ ಮಾತಿನಲ್ಲಿ ಹುರುಳಿದೆ. ಈ ದೂರನ್ನು ನಾನು ಬರೆದವರ ಮೇಲೆ ಹಾಕುತ್ತೇನೆ.

ಹಾಗಿದ್ದೂ ಕೊನೆಯ ಎಪಿಸೋಡ್ ‘ಎಂಡ್‌ಗೇಮ್’ನಲ್ಲಿ ಆ ಹಳೆಯ ಇಕ್ಕಟ್ಟು ಮೂರನೇ ಸಲ ಬಂದಾಗ ಕಿಮ್‌ನ ದನಿಯೇ ಮುಖ್ಯವಾಗುತ್ತದೆ. ಮನೆಗೆ ಹೋಗುವ ದಾರಿ, ಸಿಕ್ಕವರನ್ನೆಲ್ಲ ತಮ್ಮಂತೆ ಅರೆಯಂತ್ರ ಮಾಡಿಬಿಡುವ ಬೋರ್ಗ್‌ಗಳ ಕೈಯಲ್ಲಿದೆ. ಅದನ್ನು ಬಳಸಿ ಮನೆ ಸೇರಬಹುದು, ಅಥವಾ ಒಡೆದು ಲೆಕ್ಕವಿಲ್ಲದಷ್ಟು ಜೀವ ಉಳಿಸಬಹುದು. ಭವಿಷ್ಯದಿಂದ ಬಂದ ಅಡ್ಮಿರಲ್ ಜೇನ್‌ವೇಗೆ ತನ್ನವರು ಮನೆ ಸೇರಿದರೆ ಸಾಕು. ಕ್ಯಾಪ್ಟನ್ ಜೇನ್‌ವೇ ಎಲ್ಲರನ್ನೂ ಕೂರಿಸಿಕೊಂಡು ಹೇಳುತ್ತಾಳೆ: ಹಿಂದೆ ಮಾಡಿದ ತೀರ್ಮಾನಕ್ಕೆ ಪಶ್ಚಾತ್ತಾಪವಿಲ್ಲ, ಆದರೆ ಆಗ ನಿಮ್ಮನ್ನು ಬಲ್ಲವಳಲ್ಲ, ಈ ಸಲ ಆಜ್ಞೆ ಮಾಡುವುದಿಲ್ಲ, ಈ ಕೋಣೆಯಲ್ಲಿರುವ ಎಲ್ಲರೂ ಒಪ್ಪಿದರೆ ಮಾತ್ರ. ಆಗ ಬಾಯಿ ತೆರೆಯುವವನು ಕಿಮ್. ಮನೆಗಾಗಿ ಅಷ್ಟು ಹಂಬಲಿಸಿದ ಹುಡುಗನೇ, ಮನೆ ಸೇರುವುದಕ್ಕಿಂತ ಜೊತೆಯಾಗಿ ಬಂದ ಈ ಪ್ರಯಾಣ ದೊಡ್ಡದಿರಬಹುದು ಅನ್ನುತ್ತಾನೆ. ಬೆಲಾನಾ ಮೊದಲ ದಿನ ಕೇಳಿದ್ದಕ್ಕೆ ಉತ್ತರ ಇಲ್ಲಿ ಸಿಗುತ್ತದೆ.

ಒಬ್ಬಳೇ ತೀರ್ಮಾನಿಸುವವಳು, ಒಬ್ಬಳೇ ಬೆಲೆ ತೆರಲು ಹೊರಟವಳು, ಕೊನೆಗೆ ಎಲ್ಲರನ್ನೂ ಕೇಳುವವಳು. ಈ ಗೆರೆ ನೇರವಾಗಿಲ್ಲ. ಮಧ್ಯದಲ್ಲಿ ಟುವಿಕ್ಸ್ ಇದ್ದಾನೆ, ಲೆಸಿಂಗ್ ಇದ್ದಾನೆ. ಆದರೂ ಗೆರೆ ಇದೆ.

ಮತ್ತೆ ನೋಡುವ ಮನಸ್ಸಿದ್ದರೆ ಮೊದಲ ಎಪಿಸೋಡ್, ‘ನೈಟ್’ ಮತ್ತು ‘ಎಂಡ್‌ಗೇಮ್’ ಮೂರನ್ನೂ ಬಿಡುವು ಕೊಡದೆ ಒಟ್ಟಿಗೆ ನೋಡಿ. ಆಮೇಲೆ ‘ಟುವಿಕ್ಸ್’ ನೋಡಿ ಸ್ನೇಹಿತರ ಜೊತೆ ಮನಸಾರೆ ಜಗಳವಾಡಿ. ಆ ಜಗಳದಲ್ಲಿ ಮಾತ್ರ ನಾನು ಇವತ್ತಿಗೂ ಡಾಕ್ಟರ್ ಪಕ್ಷ.