ಗೆಲ್ಲುತ್ತಿದ್ದಾಗಲೇ ಸ್ಟೆಫಿ ಗ್ರಾಫ್ ಆಟ ಬಿಟ್ಟಿದ್ದೇಕೆ?

ಪ್ರಶ್ನೆ: 1999ರ ಜೂನ್‌ನಲ್ಲಿ ಫ್ರೆಂಚ್ ಓಪನ್ ಗೆದ್ದ ಜರ್ಮನಿಯ ಟೆನಿಸ್ ತಾರೆ ಸ್ಟೆಫಿ ಗ್ರಾಫ್, ಆಗಸ್ಟ್‌ನಲ್ಲೇ ನಿವೃತ್ತರಾದರು. ಆಗ ಅವರಿಗೆ ಬರೀ 30 ವರ್ಷ, ರ್‍ಯಾಂಕಿಂಗ್‌ನಲ್ಲಿ 3ನೇ ಸ್ಥಾನ. ಇನ್ನೂ ಆಡಬಹುದಿತ್ತು, ಅಲ್ವಾ?

ಉತ್ತರ: ವಯಸ್ಸು ನೋಡಿದರೆ ಹಾಗೇ ಅನ್ನಿಸುತ್ತದೆ. ಆದರೆ ಸ್ಟೆಫಿ ವೃತ್ತಿಪರ ಟೆನಿಸ್‌ಗೆ ಇಳಿದಿದ್ದು 1982ರಲ್ಲಿ, 13ನೇ ವಯಸ್ಸಿಗೆ. ಅಲ್ಲಿಂದ ಲೆಕ್ಕ ಹಾಕಿದರೆ 17 ವರ್ಷದ ಓಟ. ಓಟ ಅಂತ ಸುಮ್ನೆ ಹೇಳುತ್ತಿಲ್ಲ. ಅವರ ಫೋರ್‌ಹ್ಯಾಂಡ್ (ಬಲಗೈ ಕಡೆಯಿಂದ ಬೀಸುವ ಹೊಡೆತ) ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆದರೆ ಅದರ ಗುಟ್ಟು ಇದ್ದಿದ್ದು ಕಾಲಿನಲ್ಲಿ. ಎಡ ಮೂಲೆಗೆ ಬಂದ ಚೆಂಡಿಗೆ ಬೇರೆಯವರು ಬ್ಯಾಕ್‌ಹ್ಯಾಂಡ್ (ಎಡಗಡೆಯಿಂದ ಬೀಸುವ ಹೊಡೆತ) ಹೊಡೆದರೆ, ಸ್ಟೆಫಿ ಪುಟಪುಟ ಹೆಜ್ಜೆ ಹಾಕಿ ಅದನ್ನು ಸುತ್ತಿ ಬಂದು ಫೋರ್‌ಹ್ಯಾಂಡೇ ಬೀಸುತ್ತಿದ್ದರು. ಬಲಭಾಗದ ಅಂಗಳ ಪೂರ್ತಿ ಖಾಲಿ. ಮುಂದಿನ ಚೆಂಡಿಗೆ ಮತ್ತೆ ಅಷ್ಟೂ ದೂರ ಓಡಬೇಕು. ಅಂಥ ಆಟಕ್ಕೆ ಮೊಣಕಾಲು, ಬೆನ್ನು ಎಷ್ಟು ದಿನ ತಡೆದಾವು?

1996ರಲ್ಲಿ ಮೂರು ಗ್ರ್ಯಾಂಡ್ ಸ್ಲಾಮ್ (ವರ್ಷದ ನಾಲ್ಕು ದೊಡ್ಡ ಟೂರ್ನಿಗಳು) ಗೆದ್ದಿದ್ದರು. ಮರುವರ್ಷ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಯಿತು. ಸಾಲಾಗಿ ನಾಲ್ಕು ಗ್ರ್ಯಾಂಡ್ ಸ್ಲಾಮ್ ಕೈತಪ್ಪಿದವು. ಅಷ್ಟರಲ್ಲಿ ಮಾರ್ಟಿನಾ ಹಿಂಗಿಸ್ ಎಂಬ 16ರ ಹುಡುಗಿ ನಂಬರ್ ಒನ್ ಆಗಿದ್ದರು.

ಫ್ರೆಂಚ್ ಓಪನ್ ನಡೆಯುವುದು ಪ್ಯಾರಿಸ್‌ನಲ್ಲಿ; 1999ರ ಅಲ್ಲಿನ ಫೈನಲ್‌ನಲ್ಲಿ ಎದುರಾದವರೂ ಅದೇ ಹಿಂಗಿಸ್. ಸ್ಟೆಫಿ ಕ್ವಾರ್ಟರ್ ಫೈನಲ್‌ನಲ್ಲಿ ಲಿಂಡ್ಸೆ ಡೆವನ್‌ಪೋರ್ಟ್, ಸೆಮಿಯಲ್ಲಿ ಮೋನಿಕಾ ಸೆಲೆಸ್ ಅವರನ್ನು ಸೋಲಿಸಿ ಬಂದಿದ್ದರು. ಹಿಂಗಿಸ್ ಮೊದಲ ಸೆಟ್ 6-4ರಿಂದ ಗೆದ್ದು, ಎರಡನೆಯದರಲ್ಲೂ 2-0 ಮುಂದಿದ್ದರು. ಆಗ ಅವರ ಒಂದು ಹೊಡೆತವನ್ನು ಔಟ್ ಅಂದರು. ಹಿಂಗಿಸ್ ಒಪ್ಪಲಿಲ್ಲ. ನೆಟ್ ದಾಟಿ ಸ್ಟೆಫಿಯ ಅಂಗಳಕ್ಕೇ ಹೋಗಿ, ಕೆಂಪು ಮಣ್ಣಿನ ಮೇಲಿನ ಗುರುತು ತೋರಿಸಿದರು. ನಿಯಮ ಮೀರಿದ್ದಕ್ಕೆ ಒಂದು ಪಾಯಿಂಟ್ ದಂಡ ಬಿತ್ತು. ಜನ ಹಿಂಗಿಸ್ ವಿರುದ್ಧ ತಿರುಗಿದರು. ಆದರೂ 5-4ರಲ್ಲಿ ಪಂದ್ಯ ಗೆಲ್ಲಲು ಸರ್ವ್ ಮಾಡುವವರೆಗೆ ಅವರು ಬಂದರು, ಮೂರೇ ಪಾಯಿಂಟ್ ಬಾಕಿ ಇತ್ತು. ಅಲ್ಲಿಂದ ಸ್ಟೆಫಿ ಬಿಟ್ಟುಕೊಡಲಿಲ್ಲ. 7-5, 6-2. ಕೊನೆಗೆ ಸೋಲು ಎದುರಿಗೆ ನಿಂತಾಗ ಹಿಂಗಿಸ್ ಕೈ ಕೆಳಗಿನಿಂದ ಸರ್ವ್ ಮಾಡಿದ್ದೂ ಆಯಿತು. ಅವರಿಗೆ ಆಗ 18 ವರ್ಷ. ಆ ಗದ್ದಲದಲ್ಲಿ ಅತ್ತುಕೊಂಡು ಹೋದ ಅವರ ಬಗ್ಗೆ ನನಗೆ ಈಗಲೂ ಮರುಕವಿದೆ.

ಇದು ಸ್ಟೆಫಿಯ 22ನೇ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ. ಹಿಂದಿನದು ಬಂದು ಸುಮಾರು ಮೂರು ವರ್ಷವಾಗಿತ್ತು. ಪ್ಯಾರಿಸ್‌ಗೆ ಆಡಲು ಇನ್ನು ಬರುವುದಿಲ್ಲ ಅಂತ ಅವರು ಆವತ್ತೇ ಹೇಳಿಬಿಟ್ಟರು. ಹಾಗಾಗಿ ಆಗಸ್ಟ್‌ನ ಸುದ್ದಿ ದಿಢೀರ್ ಅಂತ ಬಂದಿದ್ದಲ್ಲ. ವಿಂಬಲ್ಡನ್ ಫೈನಲ್‌ನಲ್ಲಿ ಡೆವನ್‌ಪೋರ್ಟ್ ಎದುರು 6-4, 7-5ರಿಂದ ಸೋತರು. ನಂತರ ಸ್ಯಾನ್ ಡಿಯಾಗೋದಲ್ಲಿ ಕಾಲು ನೋವಿನಿಂದ ಪಂದ್ಯವನ್ನು ಅರ್ಧಕ್ಕೇ ಬಿಟ್ಟರು.

ಆಗಸ್ಟ್ 13ರಂದು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನಿವೃತ್ತಿ ಘೋಷಿಸಿದರು. ಅಲ್ಲಿ ಅವರು ನೋವನ್ನು ಮುಂದೆ ಮಾಡಲಿಲ್ಲ. ವಿಂಬಲ್ಡನ್ ಆದಮೇಲೆ ಆಟದಲ್ಲಿ ಖುಷಿ ಸಿಗುತ್ತಿಲ್ಲ, ಟೂರ್ನಿಗೆ ಹೋಗಬೇಕು ಅಂತಲೇ ಅನ್ನಿಸುತ್ತಿಲ್ಲ, ಸಾಧಿಸಬೇಕಾದ್ದು ಏನೂ ಉಳಿದಿಲ್ಲ ಅಂದರು. ನಾನು ಆ ಮಾತನ್ನು ಹಾಗೇ ನಂಬುತ್ತೇನೆ. 1988ರಲ್ಲಿ ಒಂದೇ ವರ್ಷ ನಾಲ್ಕೂ ಗ್ರ್ಯಾಂಡ್ ಸ್ಲಾಮ್ ಜತೆಗೆ ಸೋಲ್ ಒಲಿಂಪಿಕ್ಸ್ ಚಿನ್ನ, ಒಟ್ಟು 377 ವಾರ ನಂಬರ್ ಒನ್, 107 ಸಿಂಗಲ್ಸ್ ಪ್ರಶಸ್ತಿ. ಬಾಕಿ ಇದ್ದಿದ್ದು ಗಾಯದಿಂದ ಎದ್ದು ಬಂದು ಒಮ್ಮೆ ದೊಡ್ಡದು ಗೆಲ್ಲುವುದು ಮಾತ್ರ. ಅದೂ ಪ್ಯಾರಿಸ್‌ನಲ್ಲಿ ಸಿಕ್ಕಿತ್ತು. ಯು.ಎಸ್. ಓಪನ್‌ಗೆ ಎರಡೂವರೆ ವಾರವಷ್ಟೇ ಇತ್ತು. ಐದು ಸಲ ಗೆದ್ದ ಆ ಅಂಗಳಕ್ಕೆ ಬೀಳ್ಕೊಡುಗೆಯ ಚಪ್ಪಾಳೆಗೆ ಅಂತಲೂ ಅವರು ಆಡಲು ಹೋಗಲಿಲ್ಲ.