ದಿನಕ್ಕೆ ಐದೇ ನಿಮಿಷದ ತಾಯಿ

"ತಾಯಿ ಮೊಲ ಮರಿಗಳ ಹತ್ತಿರ ಹೋಗ್ತಾನೇ ಇಲ್ಲ. ಯಾರೋ ಮುಟ್ಟಿರಬೇಕು." ಕಳೆದ ಏಪ್ರಿಲ್‌ನಲ್ಲಿ ತುಮಕೂರಿನ ಶಿರಾ ಗೇಟ್ ಕಡೆಯ ಪರಿಚಯದ ಮನೆಯಿಂದ ಫೋನ್ ಬಂತು. ನಾನು ಹೋಗುವಷ್ಟರಲ್ಲಿ ಇಂಕ್ ಫಿಲ್ಲರ್‌ನಲ್ಲಿ ಹಸುವಿನ ಹಾಲು ಕುಡಿಸಲು ಶುರು ಮಾಡಿಬಿಟ್ಟಿದ್ದರು. ಆರು ಮರಿಗಳಲ್ಲಿ ಹಾಲು ಕುಡಿಸಿದ ಎರಡು ಸತ್ತಿದ್ದವು. ಮೂಗಿನಲ್ಲಿ ಹಾಲಿತ್ತು, ಅಂದರೆ ಶ್ವಾಸಕೋಶಕ್ಕೆ ಇಳಿದಿತ್ತು. ಫಿಲ್ಲರ್‌ನಿಂದ ಬಚಾವಾದ ನಾಲ್ಕರ ಹೊಟ್ಟೆ ಗೋಲಿಯ ಹಾಗೆ ಗುಂಡಗಿತ್ತು. ತೆಳು ಚರ್ಮದೊಳಗೆ ಬೆಳ್ಳಗೆ ಹಾಲು ಕಾಣುತ್ತಿತ್ತು. ತಾಯಿ ಬೆಳಗಿನ ಜಾವವೇ ಬಂದು ಹೋಗಿತ್ತು. ಯಾರೂ ನೋಡಿರಲಿಲ್ಲ, ಅಷ್ಟೇ.

ಮೊಲ ದಿನಕ್ಕೆ ಸಾಮಾನ್ಯವಾಗಿ ಒಂದೇ ಸಲ ಹಾಲು ಕೊಡುತ್ತದೆ. ಅದೂ ಮೂರರಿಂದ ಐದು ನಿಮಿಷ. 1965ರಲ್ಲೇ ಅಮೆರಿಕದ ವಿಜ್ಞಾನಿಗಳು ಇದನ್ನು ಅಳೆದು ಪ್ರಕಟಿಸಿದ್ದಾರೆ. ಉಳಿದ ಹೊತ್ತು ತಾಯಿ ಗೂಡಿನ ಕಡೆ ತಿರುಗಿಯೂ ನೋಡುವುದಿಲ್ಲ. ಬೆಕ್ಕು, ನಾಯಿ ನೋಡಿ ಬೆಳೆದ ನಮಗೆ ಇದು ಕಲ್ಲೆದೆ ಅನ್ನಿಸುತ್ತದೆ.

ಇದರಲ್ಲಿ ಭಾಷೆಯ ತಪ್ಪೂ ಸ್ವಲ್ಪ ಇದೆ. ನಮ್ಮ ಹೊಲದ ಬದುವಿನಲ್ಲಿ ಓಡುವುದೂ ಮೊಲ, ಪಂಜರದ ಬಿಳಿಯದೂ ಮೊಲ. ಆದರೆ ಎರಡೂ ಬೇರೆ ಬೇರೆ ಪ್ರಾಣಿ. ಹೊಲದ ಮೊಲದ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣೂ ತೆರೆದಿರುತ್ತದೆ. ಸಾಕು ಮೊಲದ ಮೂಲ ಸ್ಪೇನ್, ಪೋರ್ಚುಗಲ್ ಕಡೆಯ ಬಿಲ. ಅದರ ಮರಿ ಬೆತ್ತಲೆ, ಕುರುಡು, ತೂಕ ಐವತ್ತು ಗ್ರಾಂ ಆಸುಪಾಸು. ಕಾಡಿನಲ್ಲಿ ತಾಯಿ ಮರಿಗಳ ಬಿಲದ ಬಾಯಿಗೆ ಮಣ್ಣು ಮುಚ್ಚಿ ಹೋಗುತ್ತದೆ. ಪದೇ ಪದೇ ಹೋಗಿಬಂದರೆ ನರಿಗೆ ದಾರಿ ತೋರಿಸಿದ ಹಾಗೆ, ಅಲ್ವಾ? ದೂರ ಇರುವುದೇ ಅದರ ಕಾವಲು. ಪಂಜರದಲ್ಲಿ ನರಿ ಇಲ್ಲ, ನಿಜ. ಅದು ಮೊಲಕ್ಕೆ ಗೊತ್ತಿಲ್ಲ.

ಒಂದು ಊಟದಲ್ಲಿ ಇಡೀ ದಿನ ಹೇಗೆ ಕಳೆಯುತ್ತದೆ? ಹಸುವಿನ ಹಾಲು ಅಂಬಲಿಯಾದರೆ ಮೊಲದ ಹಾಲು ರಾಗಿಮುದ್ದೆ. ಕೊಬ್ಬು ಸುಮಾರು 12 ಶೇಕಡ, ಪ್ರೋಟೀನೂ ಹೆಚ್ಚುಕಡಿಮೆ ಅಷ್ಟೇ. ಹಸುವಿನದಕ್ಕಿಂತ ಮೂರು ಪಟ್ಟು ಜಾಸ್ತಿ. ಸಕ್ಕರೆ ಮಾತ್ರ ಬಹಳ ಕಡಿಮೆ. ಬೆಳಿಗ್ಗೆ ಮುದ್ದೆ ಉಂಡು ಹೊಲಕ್ಕೆ ಹೋದವರು ಸಂಜೆವರೆಗೂ ತಡೆಯುತ್ತಾರಲ್ಲ, ಹಾಗೆ. ಒಂದು ವಾರದಲ್ಲಿ ಮರಿಯ ತೂಕ ಎರಡರಷ್ಟಾಗುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಮರಿಗಳ ಗಡಿಯಾರ. ಪಾವಗಡದ ಕಡೆ ದಿನಕ್ಕೆ ಒಂದೇ ಬಸ್ಸು ಬರುವ ಹಳ್ಳಿ ಅಂದುಕೊಳ್ಳಿ. ಬಸ್ಸಿನ ಹೊತ್ತಿಗೆ ಮೊದಲೇ ಜನ ಚೀಲ ಹಿಡಿದು ಅರಳಿಕಟ್ಟೆಗೆ ಬರುತ್ತಾರೆ. ಮರಿಗಳೂ ಹಾಗೇ. ಕಣ್ಣಿಲ್ಲ, ಬೆಳಕಿಲ್ಲ. ಆದರೂ ತಾಯಿ ಬರುವ ಮೊದಲೇ ಮೈ ಬೆಚ್ಚಗಾಗುತ್ತದೆ, ಚಡಪಡಿಕೆ ಶುರು. ತಾಯಿ ತನ್ನ ಮೈಯಿಂದ ಕಿತ್ತು ಗೂಡಿಗೆ ಹಾಸಿದ ಕೂದಲ ಹೊದಿಕೆ ಸರಿಸಿ ಮೇಲೆ ಬರುತ್ತವೆ. ತಾಯಿ ಮೇಲೆ ನಿಂತ ಕೆಲವೇ ಸೆಕೆಂಡಿನಲ್ಲಿ ಮೊಲೆತೊಟ್ಟು ಸಿಗುತ್ತದೆ. ಆ ದಾರಿ ತೋರಿಸುವುದು ವಾಸನೆ. 2003ರಲ್ಲಿ ಫ್ರಾನ್ಸಿನ ಸಂಶೋಧಕರು ಹಾಲಿನಲ್ಲಿರುವ ಆ ಒಂದು ರಾಸಾಯನಿಕವನ್ನು ಗುರುತಿಸಿದರು. ಅದನ್ನು ಗಾಜಿನ ಕಡ್ಡಿಗೆ ಸವರಿದರೂ ಮರಿ ಬಾಯಿ ಹಾಕಿ ಕಚ್ಚುತ್ತದೆ! ಕುಡಿದಾದ ಮೇಲೆ ಉಚ್ಚೆ ಹೊಯ್ದು, ಮತ್ತೆ ಕೂದಲ ಅಡಿಗೆ ತೂರಿಕೊಂಡು ನಿದ್ದೆ. ಮುಂದಿನ ಬಸ್ಸು ನಾಳೆ.

ಇನ್ನು ಮುಟ್ಟುವ ವಿಷಯ. ಆ ಮನೆಯ ಅಜ್ಜಿ ಹಿಡಿದ ಮೊಲಕ್ಕೆ ಮೂರೇ ಕಾಲು: ಮನುಷ್ಯರ ವಾಸನೆ ತಗುಲಿದರೆ ತಾಯಿ ಸೇರಿಸಲ್ಲ. ಸಾಕಣೆಯವರನ್ನು ಕೇಳಿ ನೋಡಿ. ಮರಿ ಜಾಸ್ತಿಯಾದರೆ ಇನ್ನೊಂದು ತಾಯಿಯ ಗೂಡಿಗೇ ಹಾಕುತ್ತಾರೆ, ಆ ತಾಯಿ ಸುಮ್ನೆ ಹಾಲು ಕೊಡುತ್ತದೆ. ಬೇರೆ ತಾಯಿಯ ಮರಿಯನ್ನೇ ಸೇರಿಸುವ ಪ್ರಾಣಿ, ನಿಮ್ಮ ಕೈವಾಸನೆಗೆ ಹೆದರುತ್ತದೆಯೇ? ನಿಜ ಹೇಳಬೇಕೆಂದರೆ ದಿನಕ್ಕೊಮ್ಮೆ ಕೈ ತೊಳೆದು ಗೂಡಿಗೆ ಕೈ ಹಾಕಲೇಬೇಕು. ಸತ್ತದ್ದನ್ನು ತೆಗೆಯಬೇಕು, ಹೊಟ್ಟೆ ನೋಡಬೇಕು. ತೊಟ್ಟು ಕಚ್ಚಿಕೊಂಡೇ ಹೊರಗೆ ಬಿದ್ದ ಮರಿಯನ್ನು ನೀವೇ ಒಳಗಿಡಬೇಕು. ಮೊಲ ಬೆಕ್ಕಿನ ಹಾಗೆ ಮರಿಯನ್ನು ಬಾಯಲ್ಲಿ ಕಚ್ಚಿ ತರುವುದಿಲ್ಲ. ಮರಿ ತಣ್ಣಗಾಗಿದ್ದರೆ ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿ. ಹೊಟ್ಟೆ ಎರಡನೇ ದಿನವೂ ಸುಕ್ಕಾಗಿದ್ದರೆ ಪಶುವೈದ್ಯರ ಹತ್ತಿರ ಓಡಿ, ಫಿಲ್ಲರ್ ಹುಡುಕಬೇಡಿ. ಇನ್ನೊಂದು ಮಾತು. ನಮ್ಮ ಕಡೆಯ ಬೇಸಿಗೆಯಲ್ಲಿ ತಗಡಿನ ಕೆಳಗೆ ಪಂಜರ ಇಟ್ಟರೆ ಚಳಿಗಿಂತ ಸೆಕೆಯೇ ಅಪಾಯ. ನೆರಳಿಗೆ ಸಾಗಿಸಿ, ಗೂಡಿನ ಕೂದಲು ಸ್ವಲ್ಪ ತೆಗೆಯಿರಿ.

ಆ ಮನೆಯ ಹುಡುಗಿ ಮಾರನೇ ದಿನ ಐದಕ್ಕೆ ಅಲಾರಂ ಇಟ್ಟು ಎದ್ದಳು. ಮೊಬೈಲಿನಲ್ಲಿ ಚಿತ್ರೀಕರಿಸಿ ನನಗೆ ಕಳಿಸಿದಳು. ಮೂರು ನಿಮಿಷ ನಲವತ್ತು ಸೆಕೆಂಡು. ತಾಯಿ ಪೆಟ್ಟಿಗೆಗೆ ಹಾರಿತು, ಅಲುಗಾಡದೆ ನಿಂತಿತು, ಹಾರಿ ಹೊರಗೆ ಬಂದು ಹುಲ್ಲು ತಿನ್ನತೊಡಗಿತು. ಹಿನ್ನೆಲೆಯಲ್ಲಿ ಅಜ್ಜಿಯ ದನಿ: "ಆಯ್ತಾ? ಇಷ್ಟೇನಾ?"